ಶ್ರೀ ಬಸವೇಶ್ವರರೂ ಕಿರಿಯ ಕಾಯಕದವರೂ

ಮನುಷ್ಯನಿಗೆ ಹೊರೆಯಾಗುವುದು ಹೆಚ್ಚಿನ ಕೆಲಸವೊಂದೇ ಎಂದು ಲೋಕವು ಬಗೆಯುತ್ತದೆ. ತನ್ನ ಶಕ್ತಿಗಿಂತ ಕಡಮೆಯಾದ ಕೆಲಸವೂ ಒಂದು ಹೊರೆಯೇ ಎಂಬುದನ್ನು ಅದನ್ನು ಹೊತ್ತವರು ಮಾತ್ರ ಬಲ್ಲರು. ಒಂದು ಸಂಸ್ಥಾನದ ಲೆಕ್ಕವನ್ನು ನೋಡಬಲ್ಲವನು ಒಂದೇ ಕಡತವನ್ನು ದಿನವೂ ನಕಲು ಮಾಡುತ್ತ ಕುಳಿತರೆ ಅವನ ಕೈ ಓಡುತ್ತದೆ, ಮನಸ್ಸು ತೂಕಡಿಸುತ್ತದೆ. ಒಡೆಯನು ಅಂಥವನನ್ನು ಸೋಮಾರಿಯೆಂದು ಗದರಿಸುತ್ತಾನೆ. ಒಡೆಯನು ಒಳ್ಳೆಯವನಾಗಿದ್ದರೆ ಸಂಬಳವನ್ನು ಸ್ವಲ್ಪ ಏರಿಸುತ್ತಾನೆ. ಈ ಎರಡು ಉಪಾಯಗಳಿಂದಲೂ ತೂಕಡಿಸುವ ಮನಸ್ಸು ಬಹುಕಾಲ ಎಚ್ಚರವಾಗಿರಲಾರದು. ಬೆಂಗಳೂರಿನ ಯಡಿಯೂರು, ಜಯನಗರ, ಬನಶಂಕರಿಗಳಿಂದ ದಿನವೂ ಬೆಳಗಾದೊಡನೆ ಕಚೇರಿ ಕಾರ್ಖಾನೆಗಳಿಗೆ ಹೊರಡುವ ಭಕ್ತರಲ್ಲಿ ಈ ಹೊರೆಯನ್ನು ಹೊತ್ತವರು ಅನೇಕರುಂಟು. ಅವರಿಂದ ಕೆಲಸ ಮಾಡಿಸತಕ್ಕ ಹಿರಿಯರೂ ಉಂಟು. ಇಬ್ಬರಿಗೂ ಉಪಯುಕ್ತವಾದ ಒಂದು ಪಾಠವು ಎಂಟುನೂರು ವರ್ಷಗಳ ಹಿಂದೆ ಕಲ್ಯಾಣಪಟ್ಟಣದಲ್ಲಿ ಬಾಳಿದ ಶ್ರೀ ಬಸವೇಶ್ವರರ ಜೀವನದಲ್ಲಿ ದೊರೆಯುತ್ತದೆ. ಅವರ ಭಕ್ತಿಯನ್ನೂ ಸಮಾಜಸೇವೆಯನ್ನೂ ಕುರಿತು ಬಹಳ ಜನ ಬರೆದಿದ್ದಾರೆ. ಅತ್ಯಂತ ಕಿರಿದೆನಿಸಿದ ಕೆಲಸಗಳಲ್ಲಿ ತೊಡಗಿದವರ ಮನಸ್ಸನ್ನು ಅವರು ಹೇಗೆ ಎಚ್ಚರವಾಗಿಟ್ಟರೆಂಬುದು ಬೇರೆಯಾಗಿ ನೋಡತಕ್ಕ ವಿಷಯವಾಗಿದೆ.

ಬಸವಣ್ಣನವರು 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಈಗಿನ ವಿಜಯಪುರ ಜಿಲ್ಲೆಗೆ ಸೇರಿದ ಬಾಗೇವಾಡಿಯಲ್ಲಿ ಮಾದರಸ ಮಾದಲಾಂಬಿಕೆಯರ ಪುತ್ರರಾಗಿ ಜನಿಸಿದರು. 1260ರ ಅರ್ಜುನವಾಡದ ಶಾಸನವು ಅವರನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೇಳುವುದರಿಂದ ಪುರಾಣಗಳ ಈ ಮಾತಿಗೆ ಕಲ್ಲಿನ ಸಾಕ್ಷಿಯೂ ದೊರೆತಂತಾಗಿದೆ. ಅಗ್ರಹಾರದ ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿದ ಅವರಿಗೆ ಹುಟ್ಟಿನಿಂದಲೇ ಮೇಲಿನ ಆಸನವೊಂದು ಸಿದ್ಧವಾಗಿತ್ತು. ಅವರು ಅದನ್ನು ಒಲ್ಲದೆ, ಜನಿವಾರದ ಬಂಧವನ್ನು ತೊರೆದು, ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮಕ್ಕೆ ಹೋಗಿ ಈಶಾನ್ಯ ಗುರುಗಳ ಆಶ್ರಯದಲ್ಲಿ ಬೆಳೆದರು. ಹುಟ್ಟು ಕೊಟ್ಟ ಹಿರಿಮೆಯನ್ನು ತಾವೇ ಕಳಚಿಟ್ಟವರಾದ ಕಾರಣ, ಹುಟ್ಟು ಹೊರಿಸಿದ ಕಿರಿಮೆಯನ್ನು ಇತರರಿಂದ ಕಳಚುವ ಅಧಿಕಾರವು ಅವರಿಗೆ ಬಂದಿತು.

ಅಲ್ಲಿಂದ ಅವರು ಬಂದುದು ಕಲಚುರಿ ಬಿಜ್ಜಳನ ಮಂಗಳವಾಡಕ್ಕೆ. ಅದು ಇಂದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿದೆ. ಹರಿಹರನ ರಗಳೆಯು ಈ ಸಂದರ್ಭವನ್ನು ಸೊಗಸಾಗಿ ಹೇಳುತ್ತದೆ. ರಾಜಭಂಡಾರದ ಕರಣಿಕರು ಲೆಕ್ಕ ಮಾಡುತ್ತಿದ್ದೆಡೆಯಲ್ಲಿ ಪರಸ್ಥಳದ ಈ ತರುಣರು ಸುಮ್ಮನೆ ಕುಳಿತು ನೋಡುತ್ತಿದ್ದರು. ಲೆಕ್ಕದಲ್ಲಿ ಒಂದು ತಪ್ಪು ಬಿದ್ದಿತು. ಉಳಿದವರಿಗೆ ಕಾಣದ ಆ ತಪ್ಪನ್ನು ಅವರು ಕಂಡು ತಿಳಿಸಿದರು. ಭಂಡಾರದ ಮೇಲಧಿಕಾರಿಯಾಗಿದ್ದ ಸಿದ್ಧದಂಡಾಧಿಪನು ಪರಿಚಯವಿಲ್ಲದವನ ಮಾತೆಂದು ತಳ್ಳಿಹಾಕದೆ ಪರೀಕ್ಷಿಸಿ ನೋಡಿ, ಅವರನ್ನು ಗಣಕರನ್ನಾಗಿ ನೇಮಿಸಿಕೊಂಡನು. ಕಾಲಕ್ರಮದಲ್ಲಿ ಭಂಡಾರದ ಹೊಣೆಯೆಲ್ಲವೂ ಬಸವಣ್ಣನವರಿಗೇ ಬಂದಿತು. ಹೀಗೆ ಭಂಡಾರಿ ಬಸವಣ್ಣನೆಂದು ನಾಡು ಕರೆದ ಮಹನೀಯರು ಅಧಿಕಾರವನ್ನು ಮೇಲಿನಿಂದ ಇಳಿದು ಬಂದು ಪಡೆದವರಲ್ಲ. ಗಣಕರ ಚಾಪೆಯ ಮೇಲೆ ಕುಳಿತು, ಅಂಕಿಗಳ ಮೇಲೆ ಕಣ್ಣಿಟ್ಟು, ಮೆಟ್ಟಲು ಮೆಟ್ಟಲಾಗಿ ಏರಿದವರು. ಕೆಳಗೆ ಕುಳಿತವನ ಕಣ್ಣು ಮೇಲೆ ಕುಳಿತವನ ಕಣ್ಣಿಗಿಂತ ಚುರುಕಾಗಿರಬಹುದೆಂಬುದಕ್ಕೆ ಅವರ ಜೀವನದ ಮೊದಲ ಪುಟವೇ ನಿದರ್ಶನವಾಗಿತ್ತು.

ಬಿಜ್ಜಳನು ಚಾಲುಕ್ಯರ ಮೂರನೆಯ ತೈಲಪನಿಂದ ರಾಜ್ಯವನ್ನು ಕಸಿದುಕೊಂಡು, 1162ರ ಹೊತ್ತಿಗೆ ಸ್ವತಂತ್ರ ಸಾರ್ವಭೌಮನಾದನು. ರಾಜಧಾನಿಯು ಕಲ್ಯಾಣಕ್ಕೆ ಬಂದಿತು, ಬಸವಣ್ಣನವರೂ ಬಂದರು. ಬೀದರ ಜಿಲ್ಲೆಯಲ್ಲಿರುವ ಆ ಊರು ಇಂದು ಅವರ ಹೆಸರನ್ನೇ ಧರಿಸಿ ಬಸವಕಲ್ಯಾಣವೆನಿಸಿದೆ. ಅಲ್ಲಿ ಅವರ ಮನೆಯು ಮಹಾಮನೆಯಾಯಿತು. ಅಕ್ಕ ನಾಗಮ್ಮನವರು, ಅಳಿಯ ಚನ್ನಬಸವಣ್ಣನವರು, ಪತ್ನಿಯರಾದ ಗಂಗಾಂಬಿಕೆ ನೀಲಾಂಬಿಕೆಯರು ಆ ಮನೆಯ ದಾಸೋಹಕ್ಕೆ ಹೆಗಲುಕೊಟ್ಟರು. ನಾಡಿನ ನಾನಾ ಕಡೆಗಳಿಂದ ಜನರು ಅಲ್ಲಿಗೆ ಬರತೊಡಗಿದರು.

ಹಾಗೆ ಬಂದವರ ಉದ್ಯೋಗಗಳನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರು. ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆಯುವವರು. ತುರುಗಾಹಿ ರಾಮಣ್ಣನವರು ದನ ಕಾಯುವವರು. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆಯುವವರು. ಕದಿರ ರೆಮ್ಮವ್ವೆಯವರು ನೂಲುವವರು. ಆಯ್ದಕ್ಕಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವರು. ಇವುಗಳಲ್ಲಿ ಬಹುಪಾಲು ಕೆಲಸಗಳು ಇಂದು ಮಾಡಿದುದನ್ನೇ ನಾಳೆಯೂ ಮಾಡತಕ್ಕಂಥವು. ಆಯ್ದ ಅಕ್ಕಿಯು ಒಂದು ದಿನದ ಊಟಕ್ಕೆ ಸರಿಹೋಗುತ್ತದೆ. ಮರುದಿನ ಅದೇ ಅಂಗಳ, ಅದೇ ಬಾಗುವ ಬೆನ್ನು. ಆದರೆ ಆ ಬೆನ್ನು ಬಾಗಿಸಿದವರ ಬುದ್ಧಿಯು ಎಷ್ಟು ಎತ್ತರದ್ದೆಂಬುದಕ್ಕೆ ಅವರು ರಚಿಸಿದ ವಚನಗಳೇ ಸಾಕ್ಷಿ. ಅಷ್ಟು ಎತ್ತರದ ಬುದ್ಧಿಯು ಅಷ್ಟು ಕಿರಿದಾದ ಕೆಲಸದಲ್ಲಿ ಬೇಸರದಿಂದ ಬಾಡದೆ ಉಳಿದುದು ಹೇಗೆ?

ಬಸವಣ್ಣನವರು ಮೊದಲಾಗಿ ಕೆಲಸಕ್ಕೆ ಕಾಯಕವೆಂಬ ಹೆಸರನ್ನಿತ್ತು ಅದರ ಬೆಲೆಯನ್ನೇ ಬದಲಿಸಿದರು. ಕಾಯಕದಲ್ಲಿ ಮೇಲು ಕೀಳೆಂಬುದಿಲ್ಲ. ಮಂತ್ರಿಯ ಲೆಕ್ಕವೂ ಮೇದಾರನ ಬುಟ್ಟಿಯೂ ಸತ್ಯಶುದ್ಧವಾಗಿದ್ದರೆ ಒಂದೇ ತೂಕ. ಕಾಯಕದ ಫಲವು ತನ್ನ ಹೊಟ್ಟೆಯಲ್ಲಿಯೇ ನಿಲ್ಲದೆ ದಾಸೋಹದ ಮೂಲಕ ಇತರರ ಎಲೆಗೂ ತಲುಪಬೇಕು. ಹಗ್ಗ ಹೊಸೆಯುವವನಿಗೆ ತನ್ನ ಹಗ್ಗವು ಎಲ್ಲಿಗೆ ಹೋಗಿ ಯಾರಿಗೆ ಅನ್ನವಾಗುತ್ತದೆಂಬುದು ಕಣ್ಣಿಗೆ ಕಾಣುತ್ತಿತ್ತು. ಕೆಲಸವು ಕಿರಿದಾದರೂ ಅದರ ಗುರಿಯು ಕಿರಿದಾಗಲಿಲ್ಲ.

ಆದರೆ ಹೆಸರಿನಿಂದಲೇ ಮನಸ್ಸು ತುಂಬುವುದಿಲ್ಲ. ಕೆಲಸವನ್ನು ಹೊಗಳಿ, ಕೆಲಸಗಾರನನ್ನು ಬಾಗಿಲಿನಾಚೆಯೇ ನಿಲ್ಲಿಸುವ ಒಡೆಯರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಬಸವಣ್ಣನವರು ಬಾಗಿಲನ್ನು ತೆರೆದರು. ಅನುಭವಮಂಟಪವೆಂದು ಪ್ರಸಿದ್ಧವಾದ ಗೋಷ್ಠಿಯಲ್ಲಿ ಒಗೆಯುವವರಿಗೂ ನೂಲುವವರಿಗೂ ಆಸನ ದೊರೆಯಿತು. ಅಲ್ಲಿ ಅವರಿಗೆ ಕೇಳುವ ಕೆಲಸವೊಂದೇ ಇರಲಿಲ್ಲ. ಉತ್ತರ ಹೇಳುವ ಹೊಣೆಯೂ ಇತ್ತು. ದೇಹವೆಂದರೇನು, ಅರಿವೆಂದರೇನು, ಕೊಡುವವನು ಯಾರು, ಕೊಳ್ಳುವವನು ಯಾರು ಎಂಬ ಪ್ರಶ್ನೆಗಳು ಅವರ ಮುಂದಿದ್ದವು. ಅವುಗಳಿಗೆ ಬೇಕಾದ ಉಪಮಾನಗಳನ್ನು ಅವರು ಶಾಸ್ತ್ರಗ್ರಂಥಗಳಿಂದ ಕಡ ತರಲಿಲ್ಲ. ದೋಣಿಯಿಂದ, ಕದಿರಿನಿಂದ, ದನದ ಹಟ್ಟಿಯಿಂದ ತಂದರು. ಸಂಜೆಯ ಗೋಷ್ಠಿಯಲ್ಲಿ ಹೇಳಬೇಕಾದುದನ್ನು ಹಗಲಿನ ಕಾಯಕದಲ್ಲಿಯೇ ಹುಡುಕುವವನಿಗೆ ಕದಿರನ್ನು ನೂರು ಸಲ ತಿರುಗಿಸಿದರೂ ನೂರೊಂದನೆಯ ಸಲ ಅದು ಹೊಸದಾಗಿಯೇ ಕಾಣುತ್ತದೆ. ದೊಡ್ಡ ಪ್ರಶ್ನೆಯೊಂದು ಹೆಗಲೇರಿದುದರಿಂದ ಸಣ್ಣ ಕೆಲಸವು ಹಗುರಾಯಿತು.

ದೊಡ್ಡ ಪ್ರಶ್ನೆಯಲ್ಲಿ ಒಂದು ಅಪಾಯವೂ ಉಂಟು. ಲಿಂಗಸುಗೂರಿನ ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನವರು ಒಮ್ಮೆ ತತ್ತ್ವಗೋಷ್ಠಿಯಲ್ಲಿ ಮುಳುಗಿ ತಮ್ಮ ಕಾಯಕವನ್ನೇ ಮರೆತರು. ಅವರನ್ನು ಎಚ್ಚರಿಸಿದವರು ಬಸವಣ್ಣನವರಲ್ಲ, ಪ್ರಭುದೇವರೂ ಅಲ್ಲ, ಪತ್ನಿಯಾದ ಲಕ್ಕಮ್ಮನವರು. ಕಾಯಕವು ನಿಂತುಹೋಗಿದೆ, ಬೇಗನೆ ಹೋಗಿ ಮಾಡಿ ಬರಬೇಕೆಂದು ಅವರು ಪತಿಗೆ ನೆನಪಿಸಿದರು. ಮಾತಿನ ಎತ್ತರವು ಮಾಡುವ ಕೆಲಸದ ಮೇಲೆಯೇ ನಿಲ್ಲಬೇಕೆಂಬ ಈ ನಿಯಮವನ್ನು ಕಾಯುವ ಅಧಿಕಾರವು ಅಕ್ಕಿ ಆಯುವ ಮನೆಯ ಒಬ್ಬ ಗೃಹಿಣಿಗೂ ಇದ್ದಿತೆಂಬುದೇ ಆ ಸಮಾಜದ ಹೆಚ್ಚಳ.

ಅದೇ ಮಾರಯ್ಯನವರ ಕಥೆಯಲ್ಲಿ ಇನ್ನೊಂದು ಘಟನೆಯುಂಟು. ದಿನವೂ ದೊರೆಯುವುದಕ್ಕಿಂತ ಹೆಚ್ಚು ಅಕ್ಕಿಯು ಒಂದು ದಿನ ಮಹಾಮನೆಯ ಅಂಗಳದಲ್ಲಿ ಬಿದ್ದಿತ್ತು. ಬಸವಣ್ಣನವರೇ ಹಾಗೆ ಚೆಲ್ಲಿಸಿದ್ದರು. ಮಾರಯ್ಯನವರು ಅದನ್ನೆಲ್ಲ ಆಯ್ದು ಮನೆಗೆ ತಂದರು. ಲಕ್ಕಮ್ಮನವರು ಅದನ್ನು ಕಂಡು, ಇಷ್ಟು ಅಕ್ಕಿಯು ತಮ್ಮ ನಿತ್ಯದ ಅಳತೆಯದಲ್ಲವೆಂದು ಅರಿತು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ನುಲಿಯ ಚಂದಯ್ಯನವರ ವಿಷಯವಾಗಿಯೂ ಇಂಥದೇ ಕಥೆಯುಂಟು. ಹಗ್ಗಕ್ಕೆ ಸಲ್ಲತಕ್ಕ ಬೆಲೆಗಿಂತ ಹೆಚ್ಚಾಗಿ ಮಹಾಮನೆಯಿಂದ ಬಂದ ಹೊನ್ನನ್ನು ಅವರು ಒಪ್ಪಲಿಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರುತ್ತಿದ್ದರೆಂದು ಪ್ರತೀತಿ. ಬಸವಣ್ಣನವರು ಅವರ ಗುಡಿಸಿಲಿಗೆ ಹೋಗಿ ಅಂಬಲಿಯನ್ನು ಸವಿದು, ಬರುವಾಗ ಹೊನ್ನಿನ ಗಂಟುಗಳನ್ನು ಗುಟ್ಟಾಗಿ ಇಟ್ಟು ಬಂದರು. ಮಾರಯ್ಯನವರು ಅದನ್ನು ತಮ್ಮ ಬಳಿ ಇಟ್ಟುಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟರು.

ಇವೆಲ್ಲ ಪರೀಕ್ಷೆಗಳೆಂದು ಪುರಾಣಕಾರರು ಹೇಳುತ್ತಾರೆ. ಪರೀಕ್ಷೆಯೇ ಆಗಲಿ, ಬಡತನವನ್ನು ಕಂಡು ಹುಟ್ಟಿದ ಮಮತೆಯೇ ಆಗಲಿ, ದೊರೆತ ಉತ್ತರವು ಒಂದೇ. ಅರಸುತನವನ್ನೇ ಆಳಿದವನು ಕಟ್ಟಿಗೆ ಹೊರುವಾಗ ಅವನ ಕೈಗೆ ಇನ್ನಷ್ಟು ಹೊನ್ನನ್ನು ಕೊಟ್ಟರೆ ಅವನ ಶಕ್ತಿಗೆ ತಕ್ಕುದನ್ನು ಕೊಟ್ಟಂತಾಗುವುದಿಲ್ಲ. ನ್ಯಾಯವಾದ ಕೂಲಿಯನ್ನು ಕೊಡಲೇಬೇಕು. ಅದನ್ನು ಕೊಡದೆ ತತ್ತ್ವ ಹೇಳುವುದು ವಂಚನೆ. ಆದರೆ ಕೂಲಿಯು ತೀರಿಸಲಾರದ ಒಂದು ಹಸಿವು ಅದರಾಚೆ ಉಂಟು. ಈ ಶರಣರು ಹೆಚ್ಚಿನ ಹೊನ್ನನ್ನು ಬೇಡವೆಂದರು. ಗೋಷ್ಠಿಯಲ್ಲಿ ಕೊಟ್ಟ ಆಸನವನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ. ಬಸವಣ್ಣನವರ ಹಿರಿಮೆಯೆಂದರೆ, ತಾವಿತ್ತುದನ್ನು ತಮ್ಮ ಅಂಗಳದಲ್ಲಿ ಅಕ್ಕಿ ಆಯುವವರು ಹಿಂದಿರುಗಿಸಿದಾಗ ಅವರು ಮುನಿಯಲಿಲ್ಲ, ತಲೆಬಾಗಿ ಒಪ್ಪಿದರು. ತಿದ್ದಿಸಿಕೊಳ್ಳಬಲ್ಲ ಹಿರಿಯನ ಬಳಿಯಲ್ಲಿ ಕಿರಿಯರ ಬುದ್ಧಿಯು ನಿದ್ರೆ ಮಾಡುವುದಿಲ್ಲ.

ಈ ಮಾತಿಗೆ ಅತ್ಯುತ್ತಮ ದೃಷ್ಟಾಂತವು ಹಡಪದ ಅಪ್ಪಣ್ಣನವರದು. ಹಡಪವೆಂದರೆ ಎಲೆಯಡಕೆಯ ಚೀಲ. ಅದನ್ನು ಹೊತ್ತು ಒಡೆಯನ ಬಳಿಯಲ್ಲಿ ನಿಂತು, ಬೇಕೆಂದಾಗ ವೀಳ್ಯವನ್ನು ಮಡಿಸಿ ಕೊಡುವುದು ಅವರ ಕಾಯಕ. ಮಹಾಮನೆಯಲ್ಲಿ ಇದಕ್ಕಿಂತ ಹಗುರವಾದ ಕೆಲಸವನ್ನು ಊಹಿಸುವುದು ಕಷ್ಟ. ದಿನದ ಬಹುಭಾಗವು ಕಾಯುವುದರಲ್ಲಿಯೇ ಕಳೆಯತಕ್ಕ ಕೆಲಸವದು; ಕಾದು ಕಾದು ಮನಸ್ಸು ಜಡವಾಗುವುದೇ ಸಹಜ. ಬಸವಣ್ಣನವರು ಅಪ್ಪಣ್ಣನವರ ಹೆಗಲಿನಿಂದ ಹಡಪವನ್ನು ಇಳಿಸಲಿಲ್ಲ. ಅದರೊಡನೆ ತಮ್ಮ ನಂಬಿಕೆಯನ್ನೂ ಹೊರಿಸಿದರು. ಶೂನ್ಯಸಂಪಾದನೆಯು ಹೇಳುವಂತೆ, ಅಲ್ಲಮಪ್ರಭುದೇವರು ಸಿದ್ಧರಾಮಯ್ಯನವರೊಡನೆ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಪೂಜೆಯಲ್ಲಿದ್ದರು. ಆಗ ಪ್ರಭುದೇವರನ್ನು ಬಿಜಯಂಗೈಸಿಕೊಂಡು ಬರಲು ಕಳುಹಿಸಿದುದು ಅಪ್ಪಣ್ಣನವರನ್ನು. ಪ್ರಭುವು ಸುಲಭವಾಗಿ ಒಳಗೆ ಬರುವವರಲ್ಲ. ಅವರ ಒಂದೊಂದು ಮಾತೂ ಒಂದೊಂದು ಒರೆಗಲ್ಲು. ಪಂಡಿತರೂ ಹಿಂಜರಿಯುವ ಆ ಸನ್ನಿಧಿಯಲ್ಲಿ ವೀಳ್ಯ ಮಡಿಸುವವರು ನಿಂತು ಮಾತನಾಡಬೇಕಾಯಿತು.

ಹೀಗೆ ಹಗುರವಾದ ಕೆಲಸದ ನಡುವೆ ಭಾರವಾದ ಹೊಣೆಯನ್ನು ಪಡೆದ ಅಪ್ಪಣ್ಣನವರ ಇನ್ನೂರಕ್ಕೂ ಹೆಚ್ಚು ವಚನಗಳು ಇಂದಿಗೂ ಉಳಿದಿವೆ. ಅವರ ಪತ್ನಿ ಲಿಂಗಮ್ಮನವರೂ ನೂರಕ್ಕೂ ಹೆಚ್ಚು ವಚನಗಳನ್ನು ರಚಿಸಿದರು. ಆ ದೀಪವು ಸೇವಕನಲ್ಲಿಯೇ ನಿಲ್ಲದೆ ಸೇವಕನ ಮನೆಗೂ ಹತ್ತಿತು.

ಕಿರಿಯರನ್ನು ಮೇಲಕ್ಕೆತ್ತುವವನು ತಾನು ಎತ್ತರದಲ್ಲಿಯೇ ಕುಳಿತಿರಬೇಕೆಂದು ಹಟ ಹಿಡಿದರೆ ಮೇಲೆ ಸ್ಥಳವೇ ಉಳಿಯದು. ಅನುಭವಮಂಟಪವನ್ನು ಕಟ್ಟಿದವರು ಬಸವಣ್ಣನವರು. ಅದರ ಶೂನ್ಯಸಿಂಹಾಸನದ ಮೇಲೆ ಕುಳಿತವರು ಅಲ್ಲಮಪ್ರಭುದೇವರು. ತಮಗಿಂತ ಹಿರಿದಾದ ಅರಿವನ್ನು ಕಂಡೊಡನೆ ಮಂತ್ರಿಪದವಿಯಲ್ಲಿದ್ದವರು ಕೆಳಗಿನ ಆಸನವನ್ನು ಹಿಡಿದರು. ಪ್ರಭುದೇವರ ತರುವಾಯ ಚನ್ನಬಸವಣ್ಣನವರೂ, ಅವರ ತರುವಾಯ ಸಿದ್ಧರಾಮಯ್ಯನವರೂ ಆ ಪೀಠವನ್ನೇರಿದರು. ಸಿದ್ಧರಾಮಯ್ಯನವರು ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆಗಳನ್ನು ಕಟ್ಟಿಸಿ ಗುಡಿಗಳನ್ನು ಎತ್ತಿಸಿ ಕರ್ಮಯೋಗಿಯೆನಿಸಿದ್ದವರು. ಅವರಿಗೆ ಕೆಲಸದ ಕೊರತೆಯಿರಲಿಲ್ಲ. ಕೈಗೆ ಬಿಡುವಿಲ್ಲದವನ ಒಳಗೂ ಬಳಕೆಯಾಗದೆ ಉಳಿದ ಶಕ್ತಿಯಿರಬಹುದೆಂಬುದನ್ನು ಪ್ರಭುದೇವರು ಕಂಡು, ಅವರನ್ನು ಕೆರೆಯ ಏರಿಯ ಮೇಲಿಂದ ಕಲ್ಯಾಣಕ್ಕೆ ಕರೆತಂದರು.

ಕಟ್ಟಿದುದು ಗಟ್ಟಿಯೋ ಪೊಳ್ಳೋ ಎಂಬುದು ಕಷ್ಟಕಾಲದಲ್ಲಿ ತಿಳಿಯುತ್ತದೆ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ವಿವಾಹವಾದಾಗ ಕಲ್ಯಾಣದ ಸಂಪ್ರದಾಯಸ್ಥರು ಕೆರಳಿದರು. ಬಿಜ್ಜಳನು ಆ ಇಬ್ಬರು ಹಿರಿಯರಿಗೂ ಕ್ರೂರವಾದ ಮರಣದಂಡನೆಯನ್ನು ವಿಧಿಸಿದನು. ಬಸವಣ್ಣನವರು ಮಂತ್ರಿಪದವಿಯನ್ನು ತೊರೆದು ಕೂಡಲಸಂಗಮಕ್ಕೆ ಹೊರಟುಹೋದರು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಪಟ್ಟಣದಲ್ಲಿ ಕ್ಷೋಭೆ ಹಬ್ಬಿತು. ಭಂಡಾರವಿಲ್ಲ, ಮಹಾಮನೆಯಿಲ್ಲ, ನಡೆಸುವ ನಾಯಕರೂ ಕಣ್ಣಮುಂದಿಲ್ಲ. ಸಂಬಳಕ್ಕಾಗಿ ಅಥವಾ ಒಡೆಯನ ಕಣ್ಣಿಗೆ ಹೆದರಿ ಮಾಡುತ್ತಿದ್ದ ಕೆಲಸವಾಗಿದ್ದರೆ ಅದು ಆ ದಿನವೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಶರಣರು ಚನ್ನಬಸವಣ್ಣನವರ ಮುಂದಾಳುತನದಲ್ಲಿ ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಪಶ್ಚಿಮದ ಕಾಡಿನ ಉಳವಿಯತ್ತ ಸಾಗಿದರು. ಬೆನ್ನಟ್ಟಿ ಬಂದ ಸೈನ್ಯವನ್ನು ಹಿಂದೆ ನಿಂತು ತಡೆದವರಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳ ಮಾಚಯ್ಯನವರು ಅಗ್ರಗಣ್ಯರೆಂದು ಪರಂಪರೆಯು ಸ್ಮರಿಸುತ್ತದೆ.

ಬಸವಣ್ಣನವರ ಕೊನೆಯ ದಿನಗಳಲ್ಲಿಯೂ ಅಪ್ಪಣ್ಣನವರೇ ಕಾಣಿಸಿಕೊಳ್ಳುತ್ತಾರೆ. ಸಂಗಮದಲ್ಲಿದ್ದ ಅವರು ಪತ್ನಿ ನೀಲಾಂಬಿಕೆಯವರನ್ನು ಕರೆತರಬೇಕೆಂದು ಬಯಸಿದಾಗ ಆ ಕೆಲಸವನ್ನು ಒಪ್ಪಿಸಿದುದು ಹಡಪ ಹೊರುತ್ತಿದ್ದ ಆ ಹಳೆಯ ಸಂಗಡಿಗನಿಗೆ. ಅವರು ಹಿಂದಿರುಗುವ ಮೊದಲೇ ಬಸವಣ್ಣನವರು ಲಿಂಗೈಕ್ಯರಾದರು. ದಾರಿಯಲ್ಲಿ ಸುದ್ದಿ ತಿಳಿದ ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿ ದೇಹವನ್ನು ಬಿಟ್ಟರೆಂದೂ, ಅಪ್ಪಣ್ಣನವರೂ ಅಲ್ಲಿಯೇ ಐಕ್ಯರಾದರೆಂದೂ ಪ್ರತೀತಿ. ವೀಳ್ಯದ ಚೀಲದಿಂದ ಆರಂಭವಾದ ಸೇವೆಯು ಒಡೆಯನ ಮನೆಯ ಮಾನವನ್ನು ಕಾಯುವ ಸೇವೆಯಾಗಿ ಕೊನೆಗಂಡಿತು.

ಉಳವಿಯ ಹಾದಿಯಲ್ಲಿ ಉಳಿದ ವಚನಗಳನ್ನು 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಮತ್ತೆ ಸಂಗ್ರಹಿಸಿದರು. 1923ರಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿ ಮನೆಮನೆಗೆ ಮುಟ್ಟಿಸಿದರು. ಬಿಜ್ಜಳನ ಭಂಡಾರದಲ್ಲಿದ್ದ ಹೊನ್ನಿನ ಒಂದು ನಾಣ್ಯವೂ ಇಂದು ಯಾರ ಬದುಕನ್ನೂ ನಡೆಸುತ್ತಿಲ್ಲ. ಅಕ್ಕಿ ಆಯುವವರೂ ಹಗ್ಗ ಹೊಸೆಯುವವರೂ ಎಲೆಯಡಕೆ ಕೊಡುವವರೂ ಆಡಿದ ಮಾತುಗಳು ನಡೆಸುತ್ತಿವೆ.

ನಾಲ್ಕು ಜನರಿಂದ ಕೆಲಸ ಮಾಡಿಸತಕ್ಕ ಸ್ಥಾನದಲ್ಲಿರುವ ಭಕ್ತರು, ಶಾಲೆಯಲ್ಲಿರಲಿ, ಕಚೇರಿಯಲ್ಲಿರಲಿ, ಮಠದ ದಾಸೋಹದ ಮನೆಯಲ್ಲಿರಲಿ, ತಮ್ಮ ಕೈಕೆಳಗೆ ಮೌನವಾಗಿ ಕಾಯುತ್ತ ನಿಂತವನನ್ನು ಒಮ್ಮೆ ತಿರುಗಿ ನೋಡಬೇಕು. ಅವನಿಗೆ ಸಲ್ಲತಕ್ಕ ಕೂಲಿಯು ಸಲ್ಲುತ್ತಿದೆಯೇ, ಗೋಷ್ಠಿಯಲ್ಲಿ ಅವನಿಗೆ ಆಸನವುಂಟೇ, ಅವನು ತಪ್ಪನ್ನು ತೋರಿಸಿದರೆ ಕೇಳುವ ಕಿವಿಯುಂಟೇ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಭಂಡಾರದ ಮೂಲೆಯಲ್ಲಿ ಕುಳಿತು ಲೆಕ್ಕದ ತಪ್ಪನ್ನು ಕಂಡ ಅಪರಿಚಿತ ತರುಣನನ್ನು ಸಿದ್ಧದಂಡಾಧಿಪನು ಅಂದು ಗದರಿಸಿ ಹೊರಗೆ ಕಳುಹಿಸಿದ್ದರೆ ಕನ್ನಡನಾಡು ಏನನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು ನೆನೆದರೆ, ಆ ತಿರುಗಿ ನೋಡುವ ಒಂದು ನೋಟದ ಬೆಲೆಯು ತಾನೇ ತಿಳಿಯುತ್ತದೆ.